ಅಗ್ಗದ ಥ್ರಿಲ್ಲರ್, ದುಬಾರಿ ನಂಬಿಕೆ

ಚಿತ್ರಮಂದಿರದಲ್ಲಿ ದೀಪಗಳು ಆರಿವೆ. ತೆರೆಯ ಮೇಲೆ ನಡುರಾತ್ರಿ. ಒಬ್ಬಂಟಿ ಹೆಂಗಸೊಬ್ಬಳು ಮೆಟ್ಟಿಲಿಳಿದು ಕತ್ತಲು ತುಂಬಿದ ಕೋಣೆಯೊಳಗೆ ಹೆಜ್ಜೆ ಇಡುತ್ತಿದ್ದಾಳೆ. ಕೊಲೆಗಾರ ಅಲ್ಲೇ ಅಡಗಿದ್ದಾನೆ ಎಂಬುದು ಅವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುವಾಗ ಹಿಂದಿನ ಸಾಲಿನಿಂದ ಒಂದು ದನಿ ಕೇಳುತ್ತದೆ: ‘ಲೈಟ್ ಹಾಕ್ಕೊಂಡು ಹೋಗಬಾರದೇನಮ್ಮಾ?’

ಇಡೀ ಮಂದಿರ ಗೊಳ್ಳೆಂದು ನಗುತ್ತದೆ. ಅಲ್ಲಿಗೆ ಭಯ ಮುಗಿಯಿತು. ಮುಂದಿನ ಅರ್ಧ ಗಂಟೆ ಕೊಲೆಗಾರ ಎಷ್ಟೇ ಚಾಕು ಝಳಪಿಸಿದರೂ ಪ್ರೇಕ್ಷಕರ ಎದೆ ಹೊಡೆದುಕೊಳ್ಳುವುದಿಲ್ಲ.

ವಿಚಿತ್ರವೆಂದರೆ, ಹೀಗೆ ಕೂಗಿದ ಅದೇ ಪ್ರೇಕ್ಷಕ ಹಿಂದಿನ ವಾರ ಇನ್ನೊಂದು ಚಿತ್ರದಲ್ಲಿ ನಾಯಕ ಒಬ್ಬನೇ ಇಪ್ಪತ್ತು ಜನರನ್ನು ಹೊಡೆದುರುಳಿಸಿದಾಗ ಸಿಳ್ಳೆ ಹಾಕಿರುತ್ತಾನೆ. ಅಲ್ಲಿ ಬೇಕಿಲ್ಲದ ವಾಸ್ತವಿಕತೆ ಇಲ್ಲಿ ಯಾಕೆ ಬೇಕಾಯಿತು? ಕಡಿಮೆ ಖರ್ಚಿನ ಥ್ರಿಲ್ಲರ್ ಚಿತ್ರಗಳಲ್ಲಿ ಕೆಲವನ್ನು ಜನ ನಕ್ಕು ಮರೆಯುತ್ತಾರೆ, ಕೆಲವನ್ನು ಎಂಬತ್ತು ವರ್ಷವಾದರೂ ಬಿಡದೆ ನೋಡುತ್ತಾರೆ. ಎರಡರಲ್ಲೂ ರಟ್ಟಿನ ಗೋಡೆಗಳೇ, ಎರಡರಲ್ಲೂ ನಂಬಲಾಗದ ಘಟನೆಗಳೇ. ವ್ಯತ್ಯಾಸ ಎಲ್ಲಿದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು 1945ರಲ್ಲಿ ಹಾಲಿವುಡ್‌ನಲ್ಲಿ ತಯಾರಾದ ಒಂದು ಬಡ ಚಿತ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದರ ಹೆಸರು ‘ಡೀಟೂರ್’. ಕನ್ನಡದಲ್ಲಿ ‘ಬಳಸುದಾರಿ’ ಎನ್ನಬಹುದು.

ಆರು ದಿನಗಳ ದಂತಕಥೆ

‘ಡೀಟೂರ್’ ಚಿತ್ರವನ್ನು ತಯಾರಿಸಿದ್ದು ಪ್ರೊಡ್ಯೂಸರ್ಸ್ ರಿಲೀಸಿಂಗ್ ಕಾರ್ಪೊರೇಷನ್ ಎಂಬ ಸಣ್ಣ ಸಂಸ್ಥೆ. ದೊಡ್ಡ ಸ್ಟುಡಿಯೋಗಳ ನೆರಳಿನಲ್ಲಿ ಅಗ್ಗದ ಚಿತ್ರಗಳನ್ನು ಸರಸರನೆ ತೆಗೆದು ಮಾರುತ್ತಿದ್ದ ಇಂಥ ಸಂಸ್ಥೆಗಳ ಗುಂಪಿಗೆ ಹಾಲಿವುಡ್ಡೇ ಇಟ್ಟ ಅಡ್ಡಹೆಸರು ‘ಬಡವರ ಸಾಲು’. ನಿರ್ದೇಶಕ ಎಡ್ಗರ್ ಉಲ್ಮರ್, ಅಂದಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಲ್ಲಿ 1904ರಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಬೆಳೆದು, ಅಮೆರಿಕಕ್ಕೆ ಬಂದವನು. 1934ರಲ್ಲಿ ಯೂನಿವರ್ಸಲ್ ಸಂಸ್ಥೆಗೆ ‘ದಿ ಬ್ಲ್ಯಾಕ್ ಕ್ಯಾಟ್’ ಮಾಡಿದವನು ಆಮೇಲೆ ಬಡವರ ಸಾಲಿಗೆ ಬಂದು ಸೇರಿದ್ದ.

ಚಿತ್ರವನ್ನು ಆರೇ ದಿನಗಳಲ್ಲಿ ಮುಗಿಸಿದೆ ಎಂದು ಉಲ್ಮರ್ ಹೇಳಿಕೊಂಡದ್ದುಂಟು. ದಾಖಲೆಗಳನ್ನು ನೋಡಿದ ಸಂಶೋಧಕರು, ಅದಕ್ಕಿಂತ ಹೆಚ್ಚು ದಿನ ಹಿಡಿದಿತ್ತು, ಖರ್ಚೂ ಒಂದು ಲಕ್ಷ ಡಾಲರ್ ದಾಟಿತ್ತು ಎಂದು ತೋರಿಸಿದ್ದಾರೆ. ಏನೇ ಇರಲಿ, ತೆರೆಯ ಮೇಲೆ ಬಡತನ ಎದ್ದು ಕಾಣುತ್ತದೆ. ನ್ಯೂಯಾರ್ಕ್ ನಗರವನ್ನು ಕಟ್ಟಲು ಹಣವಿಲ್ಲ; ಆದ್ದರಿಂದ ದಟ್ಟ ಮಂಜು, ಒಂದು ಬೀದಿದೀಪ, ರಸ್ತೆಯ ಹೆಸರಿನ ಫಲಕ, ಅಷ್ಟೇ. ಕಾರು ಸ್ಟುಡಿಯೋದೊಳಗೇ ನಿಂತಿದೆ. ಮರುಭೂಮಿಯ ರಸ್ತೆ ಅದರ ಹಿಂದಿನ ತೆರೆಯ ಮೇಲೆ ಓಡುತ್ತದೆ.

ಕತೆ ಸರಳ. ಆಲ್ ರಾಬರ್ಟ್ಸ್ ಎಂಬ ಪಿಯಾನೋ ವಾದಕ ತನ್ನ ಪ್ರೇಯಸಿಯನ್ನು ಸೇರಲು ನ್ಯೂಯಾರ್ಕ್‌ನಿಂದ ಲಾಸ್ ಏಂಜಲಿಸ್‌ಗೆ ಹೊರಟಿದ್ದಾನೆ. ಕೈಯಲ್ಲಿ ಕಾಸಿಲ್ಲ, ದಾರಿಯಲ್ಲಿ ಸಿಕ್ಕ ಕಾರುಗಳಿಗೆ ಕೈ ತೋರಿಸಿಕೊಂಡು ಹೋಗುತ್ತಾನೆ. ಹ್ಯಾಸ್ಕೆಲ್ ಎಂಬವನು ಹತ್ತಿಸಿಕೊಳ್ಳುತ್ತಾನೆ. ರಾತ್ರಿ ಆಲ್ ಕಾರು ಓಡಿಸುತ್ತಿರುವಾಗ ಮಳೆ ಬರುತ್ತದೆ. ಕಾರಿನ ಮುಚ್ಚಿಗೆ ಎಳೆಯಲು ನಿಲ್ಲಿಸಿ, ಮಲಗಿದ್ದ ಹ್ಯಾಸ್ಕೆಲ್‌ನನ್ನು ಎಬ್ಬಿಸಲು ಬಾಗಿಲು ತೆರೆದರೆ, ಅವನು ಉರುಳಿ ಬಿದ್ದು ತಲೆ ಕಲ್ಲಿಗೆ ಬಡಿಯುತ್ತದೆ. ಸತ್ತಿದ್ದಾನೆ. ನಾನು ಕೊಂದಿಲ್ಲ ಎಂದರೆ ಪೊಲೀಸರು ನಂಬುತ್ತಾರೆಯೇ? ಇಲ್ಲ ಎಂದುಕೊಂಡ ಆಲ್ ಸತ್ತವನ ಬಟ್ಟೆ, ಹಣ, ಕಾರು, ಹೆಸರು ಎಲ್ಲವನ್ನೂ ತೆಗೆದುಕೊಂಡು ಮುಂದೆ ಹೋಗುತ್ತಾನೆ.

ಮರುದಿನ ಅವನು ದಾರಿಯಲ್ಲಿ ವೀರಾ ಎಂಬ ಹೆಣ್ಣನ್ನು ಹತ್ತಿಸಿಕೊಳ್ಳುತ್ತಾನೆ. ಅಷ್ಟು ದೊಡ್ಡ ದೇಶದಲ್ಲಿ ಅವನಿಗೆ ಸಿಕ್ಕವಳು, ಕೆಲವೇ ದಿನಗಳ ಹಿಂದೆ ಇದೇ ಕಾರಿನಲ್ಲಿ ಹ್ಯಾಸ್ಕೆಲ್‌ನ ಜತೆ ಬಂದಿದ್ದವಳು! ಹೆಣವನ್ನು ಎಲ್ಲಿ ಹಾಕಿದೆ ಎಂದು ಅವಳು ನೇರವಾಗಿ ಕೇಳುತ್ತಾಳೆ. ಅಲ್ಲಿಂದ ಅವನ ಜುಟ್ಟು ಅವಳ ಕೈಯಲ್ಲಿ. ಕೊನೆಗೆ ಕುಡಿದ ಅಮಲಿನಲ್ಲಿ ಅವಳು ಪೊಲೀಸರಿಗೆ ಹೇಳುತ್ತೇನೆಂದು ಟೆಲಿಫೋನ್ ಹಿಡಿದು ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ತಂತಿ ಹರಿಯಲೆಂದು ಆಲ್ ಹೊರಗಿನಿಂದ ಎಳೆಯುತ್ತಾನೆ. ಬಾಗಿಲು ಮುರಿದು ಒಳಹೋದರೆ, ಆ ತಂತಿ ಅವಳ ಕುತ್ತಿಗೆಗೆ ಸುತ್ತಿಕೊಂಡಿದೆ. ಎರಡನೆಯ ಸಾವು.

ಒಬ್ಬನೇ ಮನುಷ್ಯನ ಕೈಯಲ್ಲಿ ಎರಡು ಆಕಸ್ಮಿಕ ಸಾವು! ಕಾಗದದ ಮೇಲೆ ಓದಿದರೆ ಯಾರಾದರೂ ‘ಕಿವಿಗೆ ಹೂವಿಡಬೇಡಿ’ ಎನ್ನುತ್ತಾರೆ. ಆದರೆ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ 1992ರಲ್ಲಿ ಈ ಚಿತ್ರ ಸೇರಿತು. 2018ರಲ್ಲಿ ಅದರ ಪ್ರತಿಯನ್ನು ಶ್ರಮಪಟ್ಟು ಹೊಸದಾಗಿ ಶುದ್ಧಗೊಳಿಸಿದರು.

ಚುಕ್ಕಾಣಿ ಎಡಕ್ಕೋ ಬಲಕ್ಕೋ

ಈ ಚಿತ್ರದಲ್ಲಿ ಒಂದು ಪ್ರಸಿದ್ಧ ತಪ್ಪಿದೆ. ಆಲ್ ರಸ್ತೆಯಲ್ಲಿ ಕೈ ತೋರಿಸುವ ಕೆಲವು ದೃಶ್ಯಗಳಲ್ಲಿ ಕಾರುಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ಚಾಲಕ ಬಲಗಡೆ ಕೂತಿದ್ದಾನೆ. ಅಮೆರಿಕದಲ್ಲಿ ಎರಡೂ ತದ್ವಿರುದ್ಧ. ನ್ಯೂಯಾರ್ಕ್‌ನಿಂದ ಲಾಸ್ ಏಂಜಲಿಸ್‌ಗೆ, ಅಂದರೆ ಭೂಪಟದ ಬಲದಿಂದ ಎಡಕ್ಕೆ, ಪಯಣ ಸಾಗುವಂತೆ ಕಾಣಬೇಕೆಂದು ಫಿಲ್ಮನ್ನೇ ತಿರುವಿಹಾಕಿ ಮುದ್ರಿಸಿದರು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಮತ್ತೆ ಚಿತ್ರೀಕರಿಸುವುದಕ್ಕಿಂತ ಅದು ಅಗ್ಗ.

ಅಮೆರಿಕದ ಪ್ರೇಕ್ಷಕ ಈ ದೃಶ್ಯ ಬಂದಾಗ ಹುಬ್ಬೇರಿಸುತ್ತಾನೆ. ಆದರೆ ಬೆಂಗಳೂರಿನ ಪ್ರೇಕ್ಷಕನಿಗೆ? ನಮ್ಮ ರಸ್ತೆಗಳಲ್ಲಿ ವಾಹನಗಳು ಓಡುವುದೇ ಎಡಬದಿಯಲ್ಲಿ. ಚಾಲಕ ಕೂರುವುದೇ ಬಲಗಡೆ. ಯಾರಾದರೂ ಹೇಳುವ ತನಕ ಅವನಿಗೆ ತಪ್ಪು ಕಾಣುವುದೇ ಇಲ್ಲ. ಅವನ ಕಣ್ಣಿಗೆ ಇಡೀ ಚಿತ್ರದಲ್ಲಿ ಅತ್ಯಂತ ಸಹಜವಾದ ರಸ್ತೆ ಅದೇ.

ಇದೊಂದು ತಮಾಷೆಯ ಸಂಗತಿಯಂತೆ ತೋರಿದರೂ ಮುಖ್ಯವಾದ ಮಾತೊಂದನ್ನು ಹೇಳುತ್ತದೆ. ವಾಸ್ತವಿಕತೆ ಎಂಬುದು ತೆರೆಯ ಮೇಲೆ ಮಾತ್ರ ಇರುವ ವಸ್ತುವಲ್ಲ. ನೋಡುವವನು ತನ್ನ ಜತೆ ತಂದ ಅನುಭವಕ್ಕೆ ಅದು ತಾಳೆಯಾಗುತ್ತದೆಯೇ ಎಂಬುದರಲ್ಲಿದೆ. ಆಸ್ಪತ್ರೆಯ ದೃಶ್ಯದಲ್ಲಿ ನರ್ಸ್ ನಗುತ್ತಾಳೆ, ಪಕ್ಕದಲ್ಲಿ ಕೂತ ವಕೀಲ ಗಾಬರಿಯಿಂದ ನೋಡುತ್ತಾನೆ. ನ್ಯಾಯಾಲಯದ ದೃಶ್ಯ ಬಂದಾಗ ವಕೀಲ ನಗುತ್ತಾನೆ, ನರ್ಸ್ ಕಣ್ಣೊರೆಸಿಕೊಳ್ಳುತ್ತಾಳೆ. ಹಣವಿರುವ ನಿರ್ಮಾಪಕ ಇಬ್ಬರನ್ನೂ ಸುಮ್ಮನಾಗಿಸಲು ತಜ್ಞರನ್ನು ಕರೆಸಬಲ್ಲ. ಹಣವಿಲ್ಲದವನು ಯಾವ ತಪ್ಪು ಕ್ಷಮೆಗೆ ಅರ್ಹ, ಯಾವುದು ಅಲ್ಲ ಎಂಬುದನ್ನು ತಿಳಿದಿರಬೇಕು.

ಸುಳ್ಳಿನಲ್ಲಿ ಮೂರು ಬಗೆ

ಥ್ರಿಲ್ಲರ್ ಚಿತ್ರಗಳ ಅವಾಸ್ತವಿಕತೆಯನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸಲಕರಣೆಯ ಸುಳ್ಳು. ರಟ್ಟಿನ ಗೋಡೆ, ಆಟಿಕೆಯ ಪಿಸ್ತೂಲು, ಬಣ್ಣದ ನೀರಿನ ರಕ್ತ. ಇದನ್ನು ಪ್ರೇಕ್ಷಕ ಬೇಗ ಕ್ಷಮಿಸುತ್ತಾನೆ. ಯಕ್ಷಗಾನದ ರಂಗಸ್ಥಳದಲ್ಲಿ ಒಂದು ಪೀಠವನ್ನೇ ರಥವೆಂದರೆ ಯಾರೂ ಕುದುರೆಗಳೆಲ್ಲಿ ಎಂದು ಕೇಳುವುದಿಲ್ಲ. ಭರತನ ನಾಟ್ಯಶಾಸ್ತ್ರ ಇದನ್ನು ಸ್ಪಷ್ಟವಾಗಿ ಗುರುತಿಸಿದೆ: ಲೋಕದಲ್ಲಿ ಇರುವಂತೆಯೇ ತೋರಿಸುವುದು ಲೋಕಧರ್ಮಿ, ರಂಗದ ಸಂಕೇತಗಳಿಂದ ತೋರಿಸುವುದು ನಾಟ್ಯಧರ್ಮಿ. ಆಲ್ಫ್ರೆಡ್ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ತೆಗೆದಾಗ ತನ್ನ ಟೆಲಿವಿಷನ್ ಧಾರಾವಾಹಿಯ ತಂತ್ರಜ್ಞರನ್ನೇ ಬಳಸಿಕೊಂಡು ಸುಮಾರು 8 ಲಕ್ಷ ಡಾಲರ್‌ನಲ್ಲಿ ಮುಗಿಸಿದ. ಸ್ನಾನದ ಮನೆಯ ಕೊಲೆಯಲ್ಲಿ ಹರಿದ ‘ರಕ್ತ’ ಚಾಕೊಲೇಟ್ ಪಾಕ. ಕಪ್ಪು-ಬಿಳುಪು ಚಿತ್ರದಲ್ಲಿ ಅದು ರಕ್ತವೇ ಆಯಿತು. ನೋಡಿದವರು ನಿಜವಾಗಿಯೇ ಹೆದರಿದರು.

ಎರಡನೆಯದು ಘಟನೆಯ ಸುಳ್ಳು, ಅಂದರೆ ಕಾಕತಾಳೀಯ. ಇಲ್ಲಿ ಪ್ರೇಕ್ಷಕನದು ವಿಚಿತ್ರ ನ್ಯಾಯ. ಆಕಸ್ಮಿಕವೊಂದು ನಾಯಕನನ್ನು ಕಷ್ಟಕ್ಕೆ ಸಿಕ್ಕಿಸಿದರೆ ಒಪ್ಪುತ್ತಾನೆ. ಆಕಸ್ಮಿಕವೇ ಅವನನ್ನು ಪಾರುಮಾಡಿದರೆ ಮುನಿಯುತ್ತಾನೆ. ವೀರಾ ಅದೇ ಕಾರಿಗೆ ಹತ್ತುವುದು ನಂಬಲಾಗದ ಘಟನೆ. ಆದರೆ ಅದರಿಂದ ಆಲ್‌ನ ಕುಣಿಕೆ ಬಿಗಿಯಾಯಿತೇ ಹೊರತು ಸಡಿಲವಾಗಲಿಲ್ಲ. ಕತೆಗಾರ ಆ ಆಕಸ್ಮಿಕದಿಂದ ತನ್ನ ಕೆಲಸ ಹಗುರ ಮಾಡಿಕೊಂಡ ಎಂದು ಯಾರಿಗೂ ಅನ್ನಿಸುವುದಿಲ್ಲ. ಅದೇ ಕೊನೆಯಲ್ಲಿ ಎಲ್ಲಿಂದಲೋ ಬಂದ ಲಾರಿ ಖಳನ ಮೇಲೆ ಹರಿದುಹೋದರೆ, ಕೊಟ್ಟ ಟಿಕೆಟ್ ಹಣ ದಂಡವಾಯಿತು ಅನ್ನಿಸುತ್ತದೆ.

ಮೂರನೆಯದು ನಡತೆಯ ಸುಳ್ಳು. ದೀಪವಿದ್ದರೂ ಹಚ್ಚದವಳು, ಕೈಯಲ್ಲಿ ಫೋನಿದ್ದರೂ ಪೊಲೀಸರಿಗೆ ಹೇಳದವನು, ಕೆಳಗೆ ಬಿದ್ದ ಪಿಸ್ತೂಲನ್ನು ಎತ್ತಿಕೊಳ್ಳದೆ ಓಡುವ ನಾಯಕ. ಇದನ್ನು ಮಾತ್ರ ಪ್ರೇಕ್ಷಕ ಕ್ಷಮಿಸುವುದಿಲ್ಲ. ಮರುಭೂಮಿ ನೋಡದವರಿದ್ದಾರೆ, ಕೊಲೆ ನೋಡದವರಿದ್ದಾರೆ; ಆದರೆ ಭಯವಾದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಈ ವಿಷಯದಲ್ಲಿ ಚಿತ್ರಮಂದಿರದ ಪ್ರತಿ ಕುರ್ಚಿಯಲ್ಲೂ ಒಬ್ಬ ತಜ್ಞ ಕೂತಿರುತ್ತಾನೆ.

ಥ್ರಿಲ್ಲರ್‌ಗೆ ಈ ತಪ್ಪು ಉಳಿದ ಚಿತ್ರಗಳಿಗಿಂತ ಹೆಚ್ಚು ದುಬಾರಿ. ಹಾಸ್ಯಚಿತ್ರದಲ್ಲಿ ಪಾತ್ರ ದಡ್ಡನಾದರೆ ನಗೆ ಹೆಚ್ಚುತ್ತದೆ. ಥ್ರಿಲ್ಲರ್‌ನಲ್ಲಿ ಪ್ರೇಕ್ಷಕ ಪಾತ್ರದ ಜತೆ ತಾನೂ ದಾರಿ ಹುಡುಕುತ್ತಿರುತ್ತಾನೆ: ನಾನಾಗಿದ್ದರೆ ಏನು ಮಾಡುತ್ತಿದ್ದೆ? ತನಗೆ ಹೊಳೆದ ಸುಲಭದ ದಾರಿ ಪಾತ್ರಕ್ಕೆ ಹೊಳೆಯದಿದ್ದರೆ ಆಟವೇ ನಿಂತುಹೋಗುತ್ತದೆ. ಅಪಾಯ ನಿಜವಲ್ಲ, ಕತೆಗಾರನ ಅನುಕೂಲಕ್ಕೆ ಹುಟ್ಟಿದ್ದು ಎಂದು ತಿಳಿದ ಮೇಲೆ ಭಯಕ್ಕೆ ನೆಲೆಯಿಲ್ಲ.

ಅಭಿನವಗುಪ್ತನ ಮೊದಲ ವಿಘ್ನ

ಇದೇನೂ ಸಿನಿಮಾ ಕಾಲದ ಹೊಸ ಶೋಧವಲ್ಲ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ನಾಟ್ಯಶಾಸ್ತ್ರಕ್ಕೆ ‘ಅಭಿನವಭಾರತಿ’ ಎಂಬ ವ್ಯಾಖ್ಯಾನ ಬರೆದಾಗ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳಿದ. ಅವುಗಳಲ್ಲಿ ಮೊಟ್ಟಮೊದಲನೆಯದು ಸಂಭಾವನಾವಿರಹ. ಅಂದರೆ ಇದು ಸಂಭವಿಸಬಹುದು ಎಂಬ ಭಾವನೆಯೇ ನೋಡುಗನಲ್ಲಿ ಹುಟ್ಟದಿರುವುದು. ಸಂಭವವೆಂದೇ ಅನ್ನಿಸದ ವಸ್ತುವಿನಲ್ಲಿ ಮನಸ್ಸು ನೆಲೆಗೊಳ್ಳುವುದಾದರೂ ಹೇಗೆ ಎಂಬುದು ಅವನ ಪ್ರಶ್ನೆ.

ಅವನು ಪರಿಹಾರವನ್ನೂ ಸೂಚಿಸುತ್ತಾನೆ. ಸಾಮಾನ್ಯ ಲೋಕದ ಘಟನೆಯಾದರೆ ನೋಡುಗನ ಹೃದಯ ತಾನಾಗಿ ಒಪ್ಪುತ್ತದೆ. ಲೋಕವನ್ನು ಮೀರಿದ ಸಾಹಸವಾದರೆ ರಾಮನಂಥ ಪ್ರಸಿದ್ಧನ ಹೆಸರು ಬೇಕು. ತಲೆಮಾರುಗಳಿಂದ ಬೇರೂರಿದ ಖ್ಯಾತಿಯೇ ಅಲ್ಲಿ ನಂಬಿಕೆಯನ್ನು ಕೊಡುತ್ತದೆ. ಸಾಮಾನ್ಯನೊಬ್ಬ ಕಡಲಿಗೆ ಸೇತುವೆ ಕಟ್ಟಿದ ಎಂದರೆ ನಗುವವರು ರಾಮ ಕಟ್ಟಿದ ಎಂದರೆ ಕೈಮುಗಿಯುತ್ತಾರೆ.

ಈಗ ಸಿಳ್ಳೆ ಹಾಕಿದ ಪ್ರೇಕ್ಷಕನ ಒಗಟು ಬಿಡಿಸಬಹುದು. ದೊರೈ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ಮಾಡಿದಾಗ ಜೇಮ್ಸ್ ಬಾಂಡ್ ಚಿತ್ರಗಳ ಖರ್ಚಿನ ಸಣ್ಣ ಪಾಲೂ ಅವರ ಕೈಯಲ್ಲಿರಲಿಲ್ಲ. ಆದರೆ ಸಿಐಡಿ 999 ಆಗಿ ನಿಂತವರು ರಾಜ್‌ಕುಮಾರ್. ಅವರು ಏನು ಮಾಡಿದರೂ ಜನ ನಂಬಲು ಸಿದ್ಧರಿದ್ದರು. ತಾರೆಯ ಖ್ಯಾತಿ ಅಲ್ಲಿ ರಾಮನ ಖ್ಯಾತಿಯ ಕೆಲಸ ಮಾಡಿತು. ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಡೈಮಂಡ್ ರಾಕೆಟ್’ ಎಂದು ಆ ಸರಣಿ ಮುಂದುವರಿದದ್ದು ಆ ಬಲದಿಂದಲೇ.

ತಾರೆಯಿಲ್ಲದ ಬಡ ಚಿತ್ರಕ್ಕೆ ಈ ಸಾಲ ಸಿಗುವುದಿಲ್ಲ. ಅದು ಪ್ರತಿ ದೃಶ್ಯದಲ್ಲೂ ನಂಬಿಕೆಯನ್ನು ನಗದು ಕೊಟ್ಟೇ ಕೊಳ್ಳಬೇಕು. ಅದರ ಬಳಿ ಇರುವ ನಗದೆಂದರೆ ಮನುಷ್ಯನ ನಡತೆಯ ಸತ್ಯವೊಂದೇ. ‘ತರ್ಕ’ ಚಿತ್ರವನ್ನು ಸುನೀಲ್‌ಕುಮಾರ್ ದೇಸಾಯಿ 1989ರಲ್ಲಿ ಒಂದೂ ಹಾಡಿಲ್ಲದೆ ತೆಗೆದಾಗ, ಬೆರಳೆಣಿಕೆಯ ಪಾತ್ರಗಳ ಅನುಮಾನ, ಆತಂಕಗಳ ಮೇಲೆಯೇ ಚಿತ್ರ ನಿಂತಿತ್ತು. ಅದು ಗೆದ್ದಿತು, ಮರುವರ್ಷ ತಮಿಳಿಗೂ ಹೋಯಿತು.

ಬಡತನವೇ ಬಂಡವಾಳ

ಜಾಣ ನಿರ್ಮಾಪಕರು ಹಣದ ಕೊರತೆಯನ್ನೇ ಉಪಾಯವನ್ನಾಗಿ ಮಾಡಿಕೊಂಡದ್ದೂ ಉಂಟು. 1942ರಲ್ಲಿ ಆರ್‌ಕೆಒ ಸ್ಟುಡಿಯೋ ವಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ ಭಯದ ಚಿತ್ರಗಳ ವಿಭಾಗ ಒಪ್ಪಿಸಿತು. ಪ್ರತಿ ಚಿತ್ರದ ಖರ್ಚು ಒಂದೂವರೆ ಲಕ್ಷ ಡಾಲರ್ ಮೀರಬಾರದು; ಹೆಸರನ್ನು ಸ್ಟುಡಿಯೋ ಕೊಡುತ್ತದೆ. ಮೊದಲು ಕೊಟ್ಟ ಹೆಸರು ‘ಕ್ಯಾಟ್ ಪೀಪಲ್’. ಕರಿ ಚಿರತೆಯಾಗಿ ಬದಲಾಗುವ ಹೆಣ್ಣಿನ ಕತೆ. ಹೆಣ್ಣಿಗೆ ಚಿರತೆಯ ಮುಖವಾಡ ತೊಡಿಸಿದ್ದರೆ ಜನ ನಗುತ್ತಿದ್ದರು. ನಮ್ಮಲ್ಲಿ ರ‍್ಯಾಮ್ಸೆ ಸಹೋದರರ ಹಿಂದಿ ಭೂತಗಳಿಗೆ ಹೆದರುವವರಷ್ಟೇ ನಗುವವರೂ ಇದ್ದರು.

ಲ್ಯೂಟನ್ ಮತ್ತು ನಿರ್ದೇಶಕ ಝಾಕ್ ಟರ್ನರ್ ಆ ಪ್ರಾಣಿಯನ್ನು ಬಹುಮಟ್ಟಿಗೆ ನೆರಳಿನಲ್ಲೇ ಉಳಿಸಿದರು. ರಾತ್ರಿ ಒಂಟಿಯಾಗಿ ನಡೆಯುತ್ತಿರುವ ಹೆಣ್ಣು, ಹಿಂದೆ ಹೆಜ್ಜೆ ಸಪ್ಪಳ. ಸಪ್ಪಳ ನಿಲ್ಲುತ್ತದೆ. ಅವಳ ನಡಿಗೆ ಚುರುಕಾಗುತ್ತದೆ. ತಟ್ಟನೆ ಬುಸ್ಸೆಂಬ ಸದ್ದು! ನೋಡಿದರೆ ಬಂದು ನಿಂತದ್ದು ಬಸ್ಸು. ಕುರ್ಚಿಯಿಂದ ಹಾರಿಬಿದ್ದ ಪ್ರೇಕ್ಷಕ ತೆರೆಯ ಮೇಲೆ ಏನನ್ನೂ ನೋಡಿರಲಿಲ್ಲ. ಇರದ ಚಿರತೆಯನ್ನು ಅವನೇ ತನ್ನ ತಲೆಯೊಳಗೆ ಕಟ್ಟಿಕೊಂಡಿದ್ದ. ಹಾಗೆ ತಾನೇ ಕಟ್ಟಿದ್ದನ್ನು ಯಾರೂ ‘ರಟ್ಟಿನದು’ ಎಂದು ಹೀಗಳೆಯುವುದಿಲ್ಲ.

1999ರಲ್ಲಿ ಬಂದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಇನ್ನೊಂದು ದಾರಿ ತೋರಿಸಿತು. ಕೈಯಲ್ಲಿ ಹಿಡಿದ ಕ್ಯಾಮೆರಾದ ನಡುಗುವ ಬಿಂಬ, ಮಬ್ಬು ಬೆಳಕು, ಅರೆಬರೆ ಮಾತು. ಕಾಡಿನಲ್ಲಿ ಕಾಣೆಯಾದವರು ತೆಗೆದ ದೃಶ್ಯಗಳು ಸಿಕ್ಕಿವೆ ಎಂಬ ಕಲ್ಪನೆ. ಇಲ್ಲಿ ಅಗ್ಗದ ನೋಟವೇ ಸತ್ಯದ ಗುರುತಾಯಿತು. ಏಕೆಂದರೆ ಮನೆಯ ಮದುವೆಯ ವಿಡಿಯೋ ಹಾಗೆಯೇ ಇರುತ್ತದೆ. 2013ರಲ್ಲಿ ಕನ್ನಡದ ‘6-5=2’ ಇದೇ ಉಪಾಯವನ್ನು ಚಾರಣಕ್ಕೆ ಹೋದ ಗೆಳೆಯರ ಕತೆಗೆ ಬಳಸಿಕೊಂಡಿತು.

ಮೇಲ್ಸೇತುವೆಯ ಕಲ್ಲುಗಳು

ನಿತ್ಯದ ಸತ್ಯ ಗಟ್ಟಿಯಾಗಿದ್ದರೆ ಅದರ ಮೇಲೆ ದೊಡ್ಡ ಸುಳ್ಳನ್ನೂ ಹೊರಿಸಬಹುದು. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಇದಕ್ಕೆ ಹತ್ತಿರದ ನಿದರ್ಶನ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ, ಸುತ್ತಿಬಳಸಿ ಹೋಗುವ ತಾಪತ್ರಯ ತಪ್ಪಿಸಿಕೊಳ್ಳಲು ದ್ವಿಚಕ್ರ ಸವಾರರು ರಸ್ತೆ ವಿಭಜಕದ ಕಲ್ಲುಗಳನ್ನು ಸರಿಸಿ ತಿರುಗುತ್ತಾರೆ. ಸರಿಸಿದ ಕಲ್ಲು ರಸ್ತೆಯ ಮಧ್ಯದಲ್ಲೇ ಉಳಿಯುತ್ತದೆ. ಅಂಥವರ ಬಗ್ಗೆ ವರದಿ ಬರೆಯಲು ಹೊರಟ ಯುವ ಪತ್ರಕರ್ತೆಗೆ, ಕಲ್ಲು ಸರಿಸಿದವರು ಒಬ್ಬೊಬ್ಬರಾಗಿ ಸತ್ತಿರುವುದು ತಿಳಿಯುತ್ತದೆ.

ಅದರ ಹಿಂದೆ ಲೋಕಕ್ಕೆ ಮೀರಿದ ಶಕ್ತಿಯಿದೆ ಎಂದು ಚಿತ್ರ ಹೇಳುತ್ತದೆ. ದೆವ್ವವನ್ನು ನಂಬದವರೂ ಅದನ್ನು ಒಪ್ಪಿದರು. ಕಾರಣ ದೆವ್ವವಲ್ಲ, ಆ ಕಲ್ಲು. ಅರ್ಧ ನಿಮಿಷ ಉಳಿಸಲು ನಿಯಮ ಮುರಿಯುವ ಸವಾರ ಬೆಂಗಳೂರಿನವರಿಗೆ ಅಪರಿಚಿತನಲ್ಲ. ಬಹುಪಾಲು ನೋಡುಗರು ಒಂದಲ್ಲ ಒಂದು ದಿನ ತಾವೇ ಆ ಸವಾರರಾಗಿದ್ದವರು. ಆ ತಪ್ಪಿತಸ್ಥ ಭಾವವಿದ್ದಲ್ಲಿ ದೆವ್ವ ಬಂದು ಕೂರಲು ಜಾಗವಿರುತ್ತದೆ.

ಗ್ರೀಸಿನ ಅರಿಸ್ಟಾಟಲ್ ಕಾವ್ಯವನ್ನು ಕುರಿತು ಹೇಳಿದ್ದರ ತಾತ್ಪರ್ಯವೂ ಇದೇ: ಸಾಧ್ಯವಾದರೂ ನಂಬಲಾಗದ್ದಕ್ಕಿಂತ, ಅಸಾಧ್ಯವಾದರೂ ನಂಬಬಹುದಾದದ್ದೇ ಕವಿಗೆ ಮೇಲು. ದೀಪ ಹಚ್ಚದೆ ಕತ್ತಲಿಗೆ ಹೋಗುವುದು ಸಾಧ್ಯ, ಆದರೆ ನಂಬಲಾಗದು. ಕಲ್ಲು ಸರಿಸಿದವನನ್ನು ಪ್ರೇತ ಹಿಡಿಯುವುದು ಅಸಾಧ್ಯ, ಆದರೆ ತೆರೆಯ ಮುಂದೆ ಕೂತ ಎರಡು ಗಂಟೆ ನಂಬಬಹುದು.

ನಂಬಲಾಗದ ಸತ್ಯ

ಹಾಗಾದರೆ ಎರಡು ಅಸಂಭವ ಸಾವುಗಳ ‘ಡೀಟೂರ್’ ಉಳಿದದ್ದು ಹೇಗೆ? ಉತ್ತರ ಆಲ್‌ನ ಭಯದಲ್ಲಿದೆ. ಘಟನೆಗಳು ನಂಬಲಾಗದವು ಎಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ. ಅದನ್ನೇ ಕತೆಯ ಮೂಲವಾಗಿಸಿಕೊಂಡಿದೆ. ಹ್ಯಾಸ್ಕೆಲ್ ಸತ್ತಾಗ ಆಲ್ ಪೊಲೀಸರ ಬಳಿಗೆ ಹೋಗದಿರಲು ಒಂದೇ ಕಾರಣ: ನಡೆದದ್ದನ್ನು ನಡೆದಂತೆ ಹೇಳಿದರೆ ಯಾರೂ ನಂಬುವುದಿಲ್ಲ. ಪ್ರೇಕ್ಷಕ ‘ಇದೆಲ್ಲಾ ಸಾಧ್ಯವೇ’ ಎಂದುಕೊಂಡ ಕ್ಷಣದಲ್ಲೇ ಆಲ್‌ನ ಭಯ ಸರಿಯಾದದ್ದೆಂದು ಸಾಬೀತಾಗುತ್ತದೆ. ಇಡೀ ಕತೆಯನ್ನು ಹೇಳುವವನೂ ಅವನೇ. ಅವನು ಸುಳ್ಳು ಹೇಳುತ್ತಿರಬಹುದು, ತನ್ನ ತಪ್ಪನ್ನು ವಿಧಿಯ ಮೇಲೆ ಹೊರಿಸುತ್ತಿರಬಹುದು ಎಂದು ವಾದಿಸುವ ವಿಮರ್ಶಕರಿದ್ದಾರೆ. ಆಗ ಮಂಜಿನ ನ್ಯೂಯಾರ್ಕ್, ಪೊಳ್ಳು ಮರುಭೂಮಿ ಎಲ್ಲವೂ ತಪ್ಪಿತಸ್ಥನೊಬ್ಬನ ನೆನಪಿನಂತೆ ಕಾಣತೊಡಗುತ್ತವೆ.

ಕೊನೆಯಲ್ಲಿ ಪೊಲೀಸ್ ಕಾರೊಂದು ರಾತ್ರಿಯ ರಸ್ತೆಯಲ್ಲಿ ಅವನ ಪಕ್ಕ ನಿಲ್ಲುತ್ತದೆ. ಅಪರಾಧಿ ಶಿಕ್ಷೆಯಿಲ್ಲದೆ ಹೋಗಬಾರದೆಂಬುದು ಅಂದಿನ ಹಾಲಿವುಡ್‌ನ ಸೆನ್ಸಾರ್ ನಿಯಮ. ಈ ಬಾರಿ ಆಲ್ ಕೈ ತೋರಿಸಿರಲಿಲ್ಲ. ಅವನು ಒಳಗೆ ಹತ್ತುತ್ತಾನೆ. ಮುಂದೆ ಅವನ ಮಾತನ್ನು ಯಾರಾದರೂ ನಂಬಿದರೇ ಎಂಬುದನ್ನು ಚಿತ್ರ ತೋರಿಸುವುದಿಲ್ಲ.

ಅಲ್ಲೊಂದು ಎಚ್ಚರಿಕೆಯೂ ಇದೆ. ಸಿನಿಮಾದಲ್ಲಿ ನಂಬುವಂತಿರುವುದೇ ಸತ್ಯ. ಅಲ್ಲಿ ಪ್ರೇಕ್ಷಕನ ತೀರ್ಪೇ ಅಂತಿಮ. ಚಿತ್ರಮಂದಿರದ ಹೊರಗೆ ಹಾಗಲ್ಲ. ನ್ಯಾಯಾಲಯದ ಕಟಕಟೆಯಲ್ಲಿ, ಠಾಣೆಯ ಬೆಂಚಿನ ಮೇಲೆ, ಮನೆಯ ಜಗಲಿಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿಯೂ ‘ಹಂಗೆಲ್ಲಾ ಆಗುತ್ತಾ?’ ಎಂಬ ಮಾತಿಗೆ ಸೋತವರಿದ್ದಾರೆ. ಥ್ರಿಲ್ಲರ್ ನೋಡುವಾಗ ಹಿಂದಿನ ಸಾಲಿನಿಂದ ಬರುವ ಆ ಪ್ರಶ್ನೆ ನ್ಯಾಯವಾದದ್ದೇ. ದೀಪ ಹತ್ತಿದ ಮೇಲೆ ಎದುರಿಗಿರುವ ಮನುಷ್ಯನಿಗೆ ಅದನ್ನು ಕೇಳುವ ಮೊದಲು, ಆಲ್ ರಾಬರ್ಟ್ಸ್‌ನನ್ನು ಒಮ್ಮೆ ನೆನೆಯುವುದು ಒಳ್ಳೆಯದು.